ಮಡಿ ಮೀನುಗಳು

ನಮ್ಮ ಅತ್ತೆಯವರು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಡಿ ಎಂಬುದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಹಬ್ಬದ ದಿನ ನಾನು ಒಗೆದ ಸೀರೆಯುಟ್ಟು ಒಲೆಯ ಮುಂದೆ ನಿಂತರೆ ಅದೇ ದೊಡ್ಡದು. ಅತ್ತೆಯವರ ಮಡಿ ಹಾಗಲ್ಲ. ನಿನ್ನೆ ಹಿಡಿದಿಟ್ಟ ನೀರು ಅವರಿಗೆ ಆಗದು. ಇನ್ನೊಬ್ಬರು ಮುಟ್ಟಿದ ಕೊಡ ಆಗದು. ಊಟವಾದ ಜಾಗವನ್ನು ಆ ಕ್ಷಣವೇ ಸಾರಿಸದಿದ್ದರೆ ಸಂಜೆಯವರೆಗೂ ಮುಖ ಗಂಟು. ಬಿ.ಎ., ಬಿ.ಎಡ್. ಮಾಡಿ ಬಂದ ಸೊಸೆ ನಾನು. ಮನಸ್ಸಿನಲ್ಲೇ ಅವರೊಡನೆ ವಾದ ಹೂಡಿ, ಮನಸ್ಸಿನಲ್ಲೇ ಗೆದ್ದು, ಸುಮ್ಮನೆ ಕೊಡ ತೊಳೆದು ನೀರು ತರುತ್ತಿದ್ದೆ. ಈಗ ನನಗೆ ಐವತ್ತು ದಾಟಿದೆ. ಇನ್ನಾದರೂ ಆ ಕಾಟವಿಲ್ಲ ಎಂದುಕೊಂಡಿದ್ದಾಗ ಅತ್ತೆಯವರಿಗಿಂತ ಹೆಚ್ಚು ಮಡಿಯವರು ಎಂಟು ಜನ ಒಟ್ಟಿಗೇ ನಮ್ಮ ಮನೆಗೆ ಬಂದರು. ಎಂಟೂ ಮೀನುಗಳು.

ಈ ಮೀನಿನ ಹೆಸರು ಡಿಸ್ಕಸ್. ಹೆಸರಿಗೆ ತಕ್ಕಂತೆ ತಟ್ಟೆಯ ಆಕಾರ. ಎದುರಿನಿಂದ ನೋಡಿದರೆ ಹಪ್ಪಳದಂತೆ ತೆಳು, ಪಕ್ಕದಿಂದ ನೋಡಿದರೆ ಹಪ್ಪಳದಂತೆಯೇ ದುಂಡು. 1840ರಲ್ಲಿ ವಿಯೆನ್ನಾದ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞ ಇದಕ್ಕೆ ಶಾಸ್ತ್ರದ ಹೆಸರಿಟ್ಟ. ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆ. ಅಲ್ಲಿಯ ರಿಯೋ ನೆಗ್ರೋ ಎಂಬ ಉಪನದಿಯ ನೀರು ಚಹದ ಡಿಕಾಕ್ಷನ್ ಬಣ್ಣದ್ದು. ಕಾಡಿನ ಎಲೆ, ಬೇರು ಕೊಳೆತು ಬಿಟ್ಟುಕೊಂಡ ಬಣ್ಣ. ಲವಣದ ಅಂಶ ಬಹಳ ಕಡಿಮೆ, ತುಸು ಆಮ್ಲ, ವರ್ಷವಿಡೀ ಬೆಚ್ಚಗಿನ ನೀರು. ಸಮಾಜ ಪಾಠದಲ್ಲಿ ಭೂಪಟದ ಮೇಲೆ ಕೋಲಿಟ್ಟು ಅಮೆಜಾನನ್ನು ಎಷ್ಟು ವರ್ಷ ತೋರಿಸಿದ್ದೇನೋ ಲೆಕ್ಕವಿಲ್ಲ. ಆ ನದಿಯ ಸಂತಾನ ಶಿವಮೊಗ್ಗದ ನಮ್ಮ ನಡುಮನೆಯಲ್ಲಿ ಬಿಡಾರ ಹೂಡಿ, ತವರಿನ ಹವೆ ಇಲ್ಲೂ ಬೇಕೆಂದು ಹಟ ಹಿಡಿಯಿತು.

ತಂದವರು ನಮ್ಮ ಅಳಿಯಂದಿರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಬಿಡುವಿದ್ದಾಗಲೆಲ್ಲ ಮೀನಿನ ಹುಚ್ಚು. ಮಗಳು ತುಂಬಿದ ಬಸುರಿಯಾಗಿ ಅಲ್ಲಿದ್ದಾಗಲೇ ಅವರ ಮನೆಯ ಜೋಡಿ ಮೀನು ಮೊಟ್ಟೆಯಿಟ್ಟು ಮರಿ ಮಾಡಿತ್ತು. 2024ರ ಜುಲೈನಲ್ಲಿ ನಮ್ಮ ಮನೆಯಲ್ಲಿ ಮಗಳ ಹೆರಿಗೆಯಾಯಿತು, ಹೆಣ್ಣು ಮಗು. ಅತ್ತ ಬೆಂಗಳೂರಿನ ಮನೆಯಲ್ಲಿ ಮರಿಗಳಿಗೆ ದಿನಕ್ಕೆ ಐದಾರು ಸಲ ಉಣಿಸುವವರಿಲ್ಲ. ಅಳಿಯಂದಿರು ಬಾಣಂತಿಯನ್ನು ನೋಡಲು ಆಗಸ್ಟಿನಲ್ಲಿ ಬಂದಾಗ ಒಂದು ಕೈಯಲ್ಲಿ ಮಗುವಿಗೆ ತೊಟ್ಟಿಲಬಟ್ಟೆ, ಇನ್ನೊಂದು ಕೈಯಲ್ಲಿ ಬಿಳಿ ಥರ್ಮೋಕೋಲ್ ಪೆಟ್ಟಿಗೆ. ಅದರೊಳಗೆ ಆಮ್ಲಜನಕ ತುಂಬಿಸಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ ಎರಡಿಂಚಿನ ಎಂಟು ಮರಿಗಳು. “ಅತ್ತೆ, ಸ್ವಲ್ಪ ದಿವಸ ಇಟ್ಟುಕೊಳ್ತೀರಾ?” ಎಂದರು. ಅಳಿಯ ಕೇಳಿದ್ದಕ್ಕೆ ಇಲ್ಲವೆನ್ನುವ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಬಂತು. ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಅಂಗಡಿಗಳಲ್ಲಿ ಕಾಣುವಂತೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಅರಮನೆ, ಗಿಡ ಏನೂ ಇಲ್ಲ. ತಳ ಬರೀ ಗಾಜು. “ಇದೇನು, ಬಾಡಿಗೆಗೆ ಬಿಟ್ಟ ಮನೆಯ ಹಾಗಿದೆ” ಎಂದರು ನಮ್ಮ ಯಜಮಾನರು. ಮರಿಗಳನ್ನು ಬೆಳೆಸುವಾಗ ಹಾಗೆಯೇ ಇರಬೇಕಂತೆ. ಕಲ್ಲಿನ ಸಂದಿಯಲ್ಲಿ ಉಳಿದ ಆಹಾರ ಕೊಳೆಯುತ್ತದೆ, ಬರೀ ಗಾಜಾದರೆ ಒಂದು ಅಗುಳೂ ಕಣ್ಣಿಗೆ ಬೀಳುತ್ತದೆ. ನೀರಿನ ಬಿಸಿ 29ರಿಂದ 30 ಡಿಗ್ರಿಯಲ್ಲಿ ನಿಲ್ಲಲು ಒಂದು ಹೀಟರ್. ಗಾಳಿ ಊದಲು ಪುಟ್ಟ ಪಂಪು, ಅದರ ಕೊಳವೆಯ ತುದಿಗೆ ಒಂದು ಸ್ಪಂಜು.

ಆ ಸ್ಪಂಜು ಹೊಸದಲ್ಲ. ಬೆಂಗಳೂರಿನ ತೊಟ್ಟಿಯಲ್ಲಿದ್ದ ಹಳೆಯದನ್ನೇ ಒದ್ದೆಯಾಗಿ ತಂದಿದ್ದರು. ಕಾರಣ ಕೇಳಿದಾಗ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಅದು ನಮ್ಮ ಅಡುಗೆಮನೆಯ ವಿದ್ಯೆಯೇ. ಮೀನಿನ ಹೊಲಸಿನಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ, ಮತ್ತೆ ಕೆಲವು ಅದನ್ನು ನೈಟ್ರೇಟಾಗಿ ಮಾಡುತ್ತವೆ. ಕೊನೆಯದು ಅಷ್ಟು ಕೆಡುಕಲ್ಲ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಬೆಳೆಯಲು ವಾರಗಳೇ ಬೇಕು. ಹಳೆಯ ಸ್ಪಂಜು ಹಾಕಿದರೆ ಕೆಲಸ ಬೇಗ. ಹೆಪ್ಪು ಹಾಕಿದ ಹಾಗೆ! ತವರಿನ ಮೊಸರಿನ ಹೆಪ್ಪನ್ನು ಗಿಂಡಿಯಲ್ಲಿ ಗಂಡನ ಮನೆಗೆ ಒಯ್ದ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕೆ? ಆ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯುವ ಹಾಗಿಲ್ಲ, ಕ್ಲೋರಿನ್ನಿಗೆ ಹೆಪ್ಪು ಸತ್ತುಹೋಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ಸ್ಪಂಜು ಎಷ್ಟೇ ದುಡಿದರೂ ಕೊನೆಗೆ ಉಳಿದ ನೈಟ್ರೇಟನ್ನು ಹೊರಗೆ ಹಾಕುವುದು ಮನುಷ್ಯರ ಪಾಲಿನ ಕೆಲಸ. ಅಂದರೆ ದಿನವೂ ಅರ್ಧ ತೊಟ್ಟಿ ನೀರು ತೆಗೆದು ಅರ್ಧ ತೊಟ್ಟಿ ತುಂಬಿಸುವುದು. ಹದಿನೈದು ಲೀಟರಿನ ಬಕೆಟ್ಟಿನಲ್ಲಿ ಆರು ಬಕೆಟ್ ಹೊರಗೆ, ಆರು ಬಕೆಟ್ ಒಳಗೆ. ಇಲ್ಲಿ ನಮ್ಮ ಊರು ಕೈಹಿಡಿಯಿತು. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರಲ್ಲ, ಆ ತುಂಗೆಯ ನೀರು ಗಡಸಲ್ಲ. ಬಯಲುಸೀಮೆಯ ಕೊಳವೆಬಾವಿಯ ನೀರಿನಂತೆ ಪಾತ್ರೆಗೆ ಬಿಳಿ ಕಟ್ಟುವುದಿಲ್ಲ. ನಲ್ಲಿಯಲ್ಲಿ ಬರುವ ಕ್ಲೋರಿನ್ ಹೋಗಲು ಹಿಂದಿನ ದಿನವೇ ಡ್ರಮ್ಮಿಗೆ ಹಿಡಿದು ಗಾಳಿ ಊದಿಸಬೇಕು. ಮರುದಿನ ಅದಕ್ಕೆ ಬಿಸಿನೀರು ಬೆರೆಸಿ ತೊಟ್ಟಿಯ ಹದಕ್ಕೆ ತರಬೇಕು. ಬಾಣಂತಿಗೆ ಕಾಯಿಸಿದ ತಾಮ್ರದ ಹಂಡೆಯ ನೀರು ಕೂಡದು, ತಾಮ್ರ ಮೀನಿಗಾಗದು. ಸ್ಟೀಲಿನ ಪಾತ್ರೆಯೇ ಆಗಬೇಕು. ಈಗ ಹೇಳಿ, ಇದು ಮಡಿಯಲ್ಲದೆ ಇನ್ನೇನು? ನಿನ್ನೆಯ ನೀರು ಮುಸುರೆ, ಪಾತ್ರೆ ಬೇರೆ, ಊಟವಾದ ಕೂಡಲೇ ಜಾಗ ಚೊಕ್ಕಟವಾಗಬೇಕು. ತೆಗೆದ ನೀರು ಮಾತ್ರ ಕರಿಬೇವಿಗೂ ಮಲ್ಲಿಗೆಗೂ ಅಮೃತವಾಯಿತು.

ಊಟದ ವಿಷಯಕ್ಕೆ ಬಂದರೆ ಮಡಿ ತಲೆಕೆಳಗು. ನಮ್ಮದು ಸಸ್ಯಾಹಾರದ ಮನೆ, ಬಂದ ನೆಂಟರು ಮಾಂಸಾಹಾರಿಗಳು. ಇವಕ್ಕೆ ಬೇಕಾದದ್ದು ಹೆಪ್ಪುಗಟ್ಟಿಸಿದ ಕೆಂಪು ಹುಳು, ನೆನೆಸಿದ ಸೀಗಡಿ ಪುಡಿಯ ಗುಳಿಗೆ, ಉಪ್ಪುನೀರಿನಲ್ಲಿ ಒಡೆಸಿದ ಆರ್ಟೀಮಿಯ ಮರಿ. ಆರ್ಟೀಮಿಯ ಎಂದರೆ ಧೂಳಿನಷ್ಟು ಸಣ್ಣ ಸೀಗಡಿ ಜಾತಿಯ ಜೀವಿ. ಅದರ ಒಣ ಮೊಟ್ಟೆಗಳು ಡಬ್ಬಿಯಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಬೆಚ್ಚನೆಯ ಉಪ್ಪುನೀರಿಗೆ ಹಾಕಿ ಗಾಳಿ ಊದಿದರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳಾಗಿ ಕುಣಿಯುತ್ತವೆ. ಹುಳುವಿನ ಪೊಟ್ಟಣವನ್ನು ಕಾಯಿತುರಿಯ ಪಕ್ಕದಲ್ಲಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಹಿತ್ತಿಲ ಕೋಣೆಯಲ್ಲಿ ಮೂಲೆ ಸೇರಿದ್ದ ಹಳೆಯ ಫ್ರಿಜ್ಜಿಗೆ ಮತ್ತೆ ಕರೆಂಟು ಕೊಟ್ಟೆವು. ಹೀಗೆ ಮೀನುಗಳಿಗೆ ಸ್ವಂತ ಫ್ರಿಜ್ಜಾಯಿತು. ನನಗೆ ಆ ಭಾಗ್ಯ ಬಂದದ್ದು ಮದುವೆಯಾಗಿ ಒಂಬತ್ತು ವರ್ಷಕ್ಕೆ.

ಆಗ ಮನೆಯಲ್ಲಿ ಎರಡು ವೇಳಾಪಟ್ಟಿ ನಡೆಯುತ್ತಿದ್ದವು. ಕೋಣೆಯೊಳಗೆ ಮಗುವಿಗೆ ಎರಡು ಗಂಟೆಗೊಮ್ಮೆ ಹಾಲು. ನಡುಮನೆಯಲ್ಲಿ ಮರಿಗಳಿಗೆ ಬೆಳಿಗ್ಗೆ ಆರು, ಒಂಬತ್ತು, ಹನ್ನೆರಡು, ಮೂರು, ಆರಕ್ಕೆ ಚಿಟಿಕೆ ಚಿಟಿಕೆ ಊಟ. ಎರಡು ಕಡೆಯೂ ಒಂದೇ ನಿಯಮ: ಹೊಟ್ಟೆ ಚಿಕ್ಕದು, ಬೆಳವಣಿಗೆ ದೊಡ್ಡದು. ಶಾಲೆಗೆ ಹೋಗುವ ಮುಂಚೆ ಎರಡು ಸಲ, ಬಂದ ಮೇಲೆ ಒಂದು ಸಲ ನನ್ನ ಪಾಲು. ನಡುವಿನ ಎರಡು ನಿವೃತ್ತರಾಗಿ ಮನೆಯಲ್ಲಿದ್ದ ಯಜಮಾನರ ಪಾಲು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು ಮೀನಿಗೂ ಒಂದು ನೋಟುಬುಕ್ಕು ತೆರೆದರು.

ಸೆಪ್ಟೆಂಬರಿನಲ್ಲಿ ದೊಡ್ಡಮ್ಮ ಮಗುವನ್ನು ನೋಡಲು ಬಂದರು. ಮಗು ಅತ್ತಿತು. ದೊಡ್ಡಮ್ಮ ಬಾಣಂತಿಯ ಕಡೆ ತಿರುಗಿ, “ಹಾಲು ಸಾಲ್ತಾ ಇಲ್ಲ ಅಂತ ಕಾಣುತ್ತೆ ಕಣೇ. ನಮ್ಮ ಕಾಲದಲ್ಲಿ ಒಬ್ಬೊಬ್ಬರು ಇಬ್ಬರಿಗೆ ಕುಡಿಸ್ತಿದ್ವಿ” ಎಂದರು. ಮಗುವಿನ ತೂಕ ಸರಿಯಾಗಿ ಏರುತ್ತಿದೆ ಎಂದು ಡಾಕ್ಟರು ಹಿಂದಿನ ವಾರವಷ್ಟೇ ಹೇಳಿದ್ದರು. ಆದರೆ ಡಾಕ್ಟರ ಹತ್ತು ಮಾತನ್ನು ಹಿರಿಯರ ಒಂದು ಮಾತು ಹೊಡೆದುಹಾಕುತ್ತದೆ. ಮಗಳು ಮಾತಾಡಲಿಲ್ಲ. ದೊಡ್ಡಮ್ಮ ಹೋದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕಣ್ಣಲ್ಲಿ ನೀರು. ಆಮೇಲೆ, “ಅಮ್ಮ, ಇವುಗಳ ಅಪ್ಪನೂ ಹಾಲು ಕೊಡ್ತಿತ್ತು, ಗೊತ್ತಾ?” ಎಂದಳು.

ಅವಳು ಬೆಂಗಳೂರಿನಲ್ಲಿ ಕಣ್ಣಾರೆ ಕಂಡದ್ದು ಅದು. ಡಿಸ್ಕಸ್ ಜೋಡಿ ನೇರವಾಗಿ ನಿಂತ ಗೋಡೆಯಂಥ ಜಾಗಕ್ಕೆ ಮೊಟ್ಟೆ ಅಂಟಿಸಿ, ಇಬ್ಬರೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಹಾಕುತ್ತವೆ. ಎರಡೂವರೆ ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮತ್ತೆರಡು ಮೂರು ದಿನಕ್ಕೆ ಮರಿಗಳು ಈಜಲು ಕಲಿತು ನೇರ ಹೋಗಿ ತಾಯಿ ತಂದೆಯರ ಮೈಗೆ ಅಂಟಿಕೊಳ್ಳುತ್ತವೆ. ಆ ಹೊತ್ತಿಗೆ ದೊಡ್ಡ ಮೀನುಗಳ ಮೈಮೇಲಿನ ಲೋಳೆ ದಪ್ಪವಾಗಿರುತ್ತದೆ. ಮರಿಗಳ ಮೊದಲ ಆಹಾರ ಅದೇ. 1959ರಷ್ಟು ಹಿಂದೆಯೇ ವಿಜ್ಞಾನಿಗಳು ಇದನ್ನು ಬರೆದಿಟ್ಟಿದ್ದಾರೆ. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬ್ರೆಜಿಲ್ ವಿಜ್ಞಾನಿಗಳೊಡನೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಮೊಟ್ಟೆಯಿಟ್ಟ ಮೇಲೆ ಆ ಲೋಳೆಯಲ್ಲಿ ಪ್ರೋಟೀನೂ ರೋಗವನ್ನು ತಡೆಯುವ ಅಂಶವೂ ಏರುವುದು ಕಂಡುಬಂತು. ನಮ್ಮ ಗಿಣ್ಣುಹಾಲಿನ ಹಾಗೆ. ಹೆಂಗಸರಲ್ಲಿ ಹಾಲು ಉಕ್ಕಿಸುವ ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನೇ ಈ ಮೀನಿನಲ್ಲಿ ಲೋಳೆ ಉಕ್ಕಿಸುತ್ತದೆ, ಗಂಡಿನಲ್ಲೂ ಹೆಣ್ಣಿನಲ್ಲೂ.

ಆ ಅಧ್ಯಯನದವರು ಗಮನಿಸಿದ ಇನ್ನೊಂದು ಸಂಗತಿಯನ್ನು ಅಳಿಯಂದಿರು ಫೋನಿನಲ್ಲಿ ಹೇಳಿದರು. ಮರಿಗಳು ಒಬ್ಬರ ಮೈಯನ್ನು ಹತ್ತು ನಿಮಿಷದವರೆಗೆ ಮೇಯುತ್ತವೆ. ಆಮೇಲೆ ಆ ಮೀನು ಮೈ ಕೊಡವಿ ಸರಕ್ಕನೆ ಸರಿಯುತ್ತದೆ. ಮರಿಗಳು ನೀರಿನಲ್ಲಿ ಅನಾಥವಾಗುವುದಿಲ್ಲ, ಇನ್ನೊಂದು ಮೀನು ಎದುರಿಗೇ ನಿಂತಿರುತ್ತದೆ. ಎಲ್ಲ ಅದಕ್ಕೆ ಮುತ್ತಿಕೊಳ್ಳುತ್ತವೆ. ಮೂರನೆಯ ವಾರದಿಂದ ದೊಡ್ಡವು ಸ್ವಲ್ಪ ಸ್ವಲ್ಪ ಹೊತ್ತು ದೂರ ಈಜಿಹೋಗಲು ತೊಡಗುತ್ತವೆ. ಆ ಬಿಡುವಿನಲ್ಲಿ ಮರಿಗಳು ಬೇರೆ ಆಹಾರ ಹುಡುಕಿಕೊಳ್ಳುತ್ತವೆ. ನಾಲ್ಕು ವಾರದ ಹೊತ್ತಿಗೆ ಅವು ಸ್ವತಂತ್ರ. ದೂರ ಹೋಗುವುದೂ ಸಾಕುವುದರ ಒಂದು ಭಾಗ ಎಂಬುದನ್ನು ಮೀನಿಗೆ ಯಾರು ಹೇಳಿಕೊಟ್ಟರೋ!

ಇಲ್ಲಿಯೂ ಮನುಷ್ಯ ಕೈಯಾಡಿಸಿದ್ದಾನೆ. ಮರಿ ಸಾಕುವ ಕಾಲದಲ್ಲಿ ದೊಡ್ಡ ಡಿಸ್ಕಸ್‌ಗಳ ಮೈ ಕಪ್ಪಾಗುತ್ತದೆ. ಆ ಕಪ್ಪನ್ನು ಗುರುತು ಹಿಡಿದೇ ಮರಿಗಳು ಹತ್ತಿರ ಬರುವುದು. 1990ರ ದಶಕದ ಮೊದಲಲ್ಲಿ ಥಾಯ್ಲೆಂಡಿನಲ್ಲಿ ‘ಪಿಜನ್ ಬ್ಲಡ್’ ಎಂಬ ಕೆಂಪು ಬಣ್ಣದ ತಳಿ ಬಂತು. ನೋಡಲು ಬಲು ಚೆಲುವು, ಆದರೆ ಆ ಮೈ ಕಪ್ಪಾಗಲು ಒಲ್ಲದು. ಎಷ್ಟೋ ಸಲ ಮರಿಗಳು ತಾಯಿಯನ್ನು ಕಾಣದೆ ಹೀಟರಿನ ಕಪ್ಪು ತುದಿಗೋ ಸ್ಪಂಜಿಗೋ ಹೋಗಿ ಅಂಟಿ ಹಸಿವಿನಿಂದ ಸಾಯುತ್ತವೆ. ಬಾಣಂತಿಯ ಕಣ್ಣ ಕೆಳಗಿನ ಕಪ್ಪನ್ನು ಕಂಡು ‘ಎಷ್ಟು ಇಳಿದುಹೋಗಿದ್ದೀಯೆ’ ಎನ್ನುವವರಿಗೆ ಈ ಕಥೆ ಹೇಳಬೇಕೆನಿಸುತ್ತದೆ. ಮಗುವಿಗೆ ಬೇಕಾದದ್ದು ಆ ಕಪ್ಪೇ.

ಮಗಳ ಕಣ್ಣೀರು ನನ್ನನ್ನು 1995ಕ್ಕೆ ಕೊಂಡೊಯ್ದಿತು. ಅವಳು ಹುಟ್ಟಿದ ವರ್ಷ. ಆಗ ನಾನು ಒಂದು ಖಾಸಗಿ ಶಾಲೆಯಲ್ಲಿದ್ದೆ. ಹೆರಿಗೆ ರಜೆ ಹನ್ನೆರಡು ವಾರ. ಹದಿಮೂರನೆಯ ವಾರದ ಸೋಮವಾರ ಹೋಗಿ ಕರಿಹಲಗೆಯ ಮುಂದೆ ನಿಂತೆ. ಎರಡನೆಯ ಪಿರಿಯಡ್ಡಿನ ಹೊತ್ತಿಗೆ ಎದೆ ಕಟ್ಟಿ, ಪಾಠದ ನಡುವೆ ರವಿಕೆ ಒದ್ದೆಯಾಗುತ್ತಿತ್ತು. ಸೆರಗನ್ನು ಎರಡು ಸುತ್ತು ಹೊದ್ದು, ಹಲಗೆಯ ಕಡೆ ತಿರುಗಿ, ಬೇಕಾದ್ದಕ್ಕಿಂತ ಹೆಚ್ಚು ಬರೆಯುತ್ತಿದ್ದೆ. ಕೆಲಸ ಬಿಡಬೇಕೆಂದು ನಿಶ್ಚಯಿಸಿದ ದಿನ, ಊಟದ ಗಂಟೆ ಹೊಡೆದಾಗ ಗೇಟಿನ ಬಳಿ ನಮ್ಮ ಅತ್ತೆಯವರು ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು. ಬೀದಿಯ ಗಾಳಿ ಸೋಕಿದರೆ ಮತ್ತೆ ಸ್ನಾನ ಮಾಡುತ್ತಿದ್ದ ಹೆಂಗಸು, ನಡು ಮಧ್ಯಾಹ್ನ, ಪೇಟೆಯನ್ನು ಹಾದು ಬಂದಿದ್ದರು. “ಬೇಗ ಕುಡಿಸು, ಗಂಟೆ ಹೊಡೆದಾರು” ಎಂದರು, ಅಷ್ಟೆ. ಎಂಟು ತಿಂಗಳು ಹಾಗೆ ಬಂದರು, ಮಳೆಯಲ್ಲೂ ಬಿಸಿಲಲ್ಲೂ. ಮನೆಗೆ ಹೋಗಿ ದಿನವೂ ಎರಡನೆಯ ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಅದರ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಇಂದು ನಾನು ಪಿಂಚಣಿಯ ಹತ್ತಿರ ಬಂದಿರುವ ಟೀಚರಾಗಿದ್ದರೆ ಅದರಲ್ಲಿ ಆ ಎಂಟು ತಿಂಗಳ ತಣ್ಣೀರಿದೆ.

ಅಕ್ಟೋಬರಿನ ಒಂದು ರಾತ್ರಿ ಜೋರು ಮಳೆ. ಕರೆಂಟು ಹೋಯಿತು. ನಡುರಾತ್ರಿಗೆ ಇನ್ವರ್ಟರೂ ಕೈಕೊಟ್ಟಿತು. ಬ್ಯಾಟರಿಯ ಪುಟ್ಟ ಪಂಪು ಗಾಳಿಯನ್ನೇನೋ ಊದುತ್ತಿತ್ತು. ಬಿಸಿ ಮಾತ್ರ ಇಳಿಯುತ್ತ 26 ಡಿಗ್ರಿಗೆ ಬಂತು. ಎಂಟೂ ಮರಿಗಳು ಕಪ್ಪಾಗಿ ಮೂಲೆಯಲ್ಲಿ ಗುಂಪುಗೂಡಿದವು. ನಾನು ಏಳುವಷ್ಟರಲ್ಲಿ ಯಜಮಾನರು ಗ್ಯಾಸಿನ ಮೇಲೆ ನೀರು ಕಾಯಿಸಿ, ಬಾಟಲಿಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ತೊಟ್ಟಿಗೆ ತಮ್ಮ ಕಂಬಳಿಯನ್ನೇ ಸುತ್ತಿದ್ದರು. ನಡುವೆ ಮೊಮ್ಮಗಳು ಅತ್ತಾಗ ಮಗಳ ಕೈಯಿಂದ ಎತ್ತಿಕೊಂಡು, ಹೆಗಲ ಮೇಲೆ ಹಾಕಿ ಟಾರ್ಚಿನ ಬೆಳಕಿನಲ್ಲಿ ಥರ್ಮಾಮೀಟರ್ ನೋಡುತ್ತಿದ್ದರು. ನಮ್ಮ ಮಗಳು ಹುಟ್ಟಿದಾಗ ಇವರು ರಾತ್ರಿ ಎದ್ದದ್ದು ನನಗೆ ನೆನಪಿಲ್ಲ. ಆಗಿನ ಗಂಡಸರಿಗೆ ಎದ್ದು ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ಮೀನು ಕಲಿಸಿತು. ಬೆಳಗಿನ ಐದಕ್ಕೆ ಕರೆಂಟು ಬಂತು. ಎಂಟೂ ಉಳಿದವು.

ಡಿಸೆಂಬರಿನ ಹೊತ್ತಿಗೆ ಏಳು ಮರಿಗಳು ನಾಲ್ಕು ಇಂಚಿನ ಹತ್ತಿರ ಬಂದವು, ನೀಲಿ ಗೆರೆಗಳು ಮೂಡಿದವು. ಎಂಟನೆಯದು ಮೂರಿಂಚಿಗೇ ನಿಂತಿತು. ಅದರ ಕಣ್ಣು ಮೈಗಿಂತ ದೊಡ್ಡದು. ಮೊದಲ ತಿಂಗಳುಗಳಲ್ಲಿ ಹಿಂದೆ ಬಿದ್ದ ಮರಿಯ ಲಕ್ಷಣವೇ ಅದು. ಕಣ್ಣು ಬೆಳೆಯುತ್ತದೆ, ಮೈ ಬೆಳೆಯುವುದಿಲ್ಲ. ಬಂದಾಗಲೇ ಅದು ಸಣ್ಣದು. ದೊಡ್ಡವು ತಳ್ಳದಂತೆ ಎರಡು ಕಡೆ ಊಟ ಹಾಕಿದೆವು. ಚೆನ್ನಾಗಿ ತಿಂದಿತು, ಗೆಲುವಾಗಿ ಆಡಿತು. ಹೋದ ಕಾಲ ಮಾತ್ರ ತಿರುಗಿ ಬರಲಿಲ್ಲ. ಎಂಟನೆಯ ತರಗತಿಗೆ ಬಂದು ಕೂರುವ ಮಕ್ಕಳಲ್ಲಿ ಅಂಥ ದೊಡ್ಡ ಕಣ್ಣುಗಳನ್ನು ನಾನು ಬಹಳ ಕಂಡಿದ್ದೇನೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಶಾಲೆಯ ಬಿಸಿಯೂಟ ಶುರುವಾದ ಮೇಲೆ, 2013ರಲ್ಲಿ ಹಾಲು ಬಂದ ಮೇಲೆ ಅವು ಕಡಿಮೆಯಾದದ್ದನ್ನೂ ಕಂಡಿದ್ದೇನೆ. ಬೆಳೆಯುವ ಕಾಲಕ್ಕೆ ಕಂತು ಕಟ್ಟಲು ಆಗುವುದಿಲ್ಲ. ಆ ದಿನದ್ದು ಆ ದಿನವೇ ಸಲ್ಲಬೇಕು.

2017ರ ತಿದ್ದುಪಡಿ ಹೆರಿಗೆ ರಜೆಯನ್ನು ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿಸಿತು. ಮಗಳ ಇಪ್ಪತ್ತಾರು ವಾರ 2025ರ ಸಂಕ್ರಾಂತಿಗೆ ಮುಗಿಯಿತು. ಮಗುವಿಗೆ ಎಲಚಿಹಣ್ಣು ಎರೆದು, ಎಳ್ಳು ಬೀರಿ, ಮರುದಿನ ರೈಲು ಹತ್ತಿಸಿದೆವು. ಎಳ್ಳಿಗೆ ಬಂದ ಹೆಂಗಸರಲ್ಲಿ ಮೂವರು ಕೇಳಿದರು: “ಇಷ್ಟು ಚಿಕ್ಕದನ್ನು ಬಿಟ್ಟು ಕೆಲಸಕ್ಕೆ ಹೋಗ್ತಾಳಾ?” ಈ ಪ್ರಶ್ನೆ ನನಗೆ ಹೊಸದಲ್ಲ, 1995ರಲ್ಲಿ ಇದೇ ಮಾತುಗಳಲ್ಲಿ ಕೇಳಿದ್ದೆ. ಆಗ ಉತ್ತರ ಹೊಳೆದಿರಲಿಲ್ಲ. ಈಗ ಹೊಳೆದಿದೆ. ತಾಯಿ ಏಕೆ ಸರಿದಳು ಎಂದು ಕೇಳುವವರು, ಎದುರಿಗೆ ನಿಂತವರು ಯಾರು ಎಂದೂ ಕೇಳಬೇಕು. ಅಲ್ಲಿ ಯಾರೂ ಇಲ್ಲದಿದ್ದರೆ ತಪ್ಪು ಸರಿದವಳದಲ್ಲ. ನನ್ನ ಎದುರಿಗೆ ಕೊಡೆ ಹಿಡಿದು ಒಬ್ಬರು ನಿಂತಿದ್ದರು. ಮಗಳ ಎದುರಿಗೆ ಯಾರೆಂದು ನೋಡಬೇಕಿತ್ತು.

ಬೆಂಗಳೂರಿನಲ್ಲಿ ಬೀಗಿತ್ತಿ ಹಗಲು ಮಗುವಿನೊಡನೆ ಇರುತ್ತಾರೆ. ಅಳಿಯಂದಿರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಕಚೇರಿಯಲ್ಲಿ ಕೇಳಿ ಪಡೆದುಕೊಂಡರು. ಮೀನುಗಳನ್ನು ಯಾವಾಗ ಕಳಿಸಲಿ ಎಂದು ಕೇಳಿದೆ. “ಸದ್ಯಕ್ಕೆ ಅಲ್ಲೇ ಇರಲಿ ಅತ್ತೆ, ಇಲ್ಲಿ ನೀರು ಬದಲಾಯಿಸೋಕೆ ಬಿಡುವಿಲ್ಲ” ಎಂದರು. ಯಜಮಾನರ ಮುಖ ಅರಳಿತು. ಈಗ ದಿನವೂ ರಾತ್ರಿ ಎಂಟೂವರೆಗೆ ಫೋನು ಬರುತ್ತದೆ. ಇವರು ನೋಟುಬುಕ್ಕು ತೆರೆದು ಬಿಸಿ 29, ಆರು ಬಕೆಟ್, ಸಣ್ಣದೂ ಸೇರಿ ಎಲ್ಲ ತಿಂದವು ಎಂದು ವರದಿ ಒಪ್ಪಿಸುತ್ತಾರೆ. ಆ ಕಡೆಯಿಂದ ಅಳಿಯಂದಿರು, ಹನ್ನೊಂದಕ್ಕೆ ರಾಗಿ ಸರಿ ಆರು ಚಮಚ, ಎರಡಕ್ಕೆ ಹಾಲು, ನಾಲ್ಕಕ್ಕೆ ಬಾಳೆಹಣ್ಣು ಅರ್ಧ ಉಗುಳಿದಳು ಎನ್ನುತ್ತಾರೆ. ಎರಡೂ ಲೆಕ್ಕ ತಾಳೆಯಾದ ಮೇಲೆ ಫೋನು ನನ್ನ ಕೈಗೆ ಬರುತ್ತದೆ. ಅಷ್ಟು ಹೊತ್ತಿಗೆ ಮಗಳು ಕೆಲಸದಿಂದ ಬಂದು ಕೈಕಾಲು ತೊಳೆದು, ಮಗುವನ್ನು ಮಡಿಲಿಗೆ ತೆಗೆದುಕೊಂಡಿರುತ್ತಾಳೆ.